ನಾಲಿಗೆಗೊಂದು ಮಣ್ಣಿನ ನಾಯಿ

ಮಾರ್ಚ್ 3, ಸೋಮವಾರ

ಎಡಗೈ ಬರಹ. ಬಲಗೈ ರಜೆಯ ಮೇಲಿದೆ. ಇಷ್ಟು ಸಾಕು.

ಮಾರ್ಚ್ 4, ಮಂಗಳವಾರ

ದಿನಕ್ಕೆ ಹತ್ತು ಸಾಲು ಬರೆಯಬೇಕಂತೆ. ಫಿಸಿಯೋಥೆರಪಿಯ ಐಶ್ವರ್ಯ ಮೇಡಂ ಅಪ್ಪಣೆ. ಆಕೆಗೆ ಇಪ್ಪತ್ತಾರು, ನನಗೆ ಐವತ್ತಾರು. ಏನು ಬರೆಯಲಿ ಅಂತ ಕೇಳೋಣವೆಂದರೆ ಬಾಯಿಲ್ಲ. ಇದು ಐದನೆಯ ಸಾಲು. ಇದು ಆರನೆಯದು. ಉಳಿದದ್ದನ್ನು ಆಕೆಯೇ ಬರೆದುಕೊಳ್ಳಲಿ.

ಮಾರ್ಚ್ 7, ಶುಕ್ರವಾರ

ಇವತ್ತು ಸಿಟ್ಟು ಬಂದಿದೆ, ಹಾಗಾಗಿ ಕೈ ಸ್ವಲ್ಪ ಓಡುತ್ತಿದೆ.

ನಾನು ಬೋರ್ಡು ಬರೆಯುವವನು. ಹಾಸನದ ಕಡೆಯಿಂದ ಬಿಟ್ಟಂಗಾಲಕ್ಕೆ ಬಂದು ಮೂವತ್ತು ವರ್ಷವಾಯಿತು. ಇಲ್ಲಿಂದ ಹುದಿಕೇರಿಯವರೆಗೆ ಯಾವ ಎಸ್ಟೇಟಿನ ಗೇಟು ನೋಡಿದರೂ ನನ್ನ ಅಕ್ಷರ. 'ಖಾಸಗಿ ಆಸ್ತಿ', 'ನಾಯಿ ಇದೆ ಎಚ್ಚರಿಕೆ'. ಪಕ್ಕದಲ್ಲಿ ನಾಲಿಗೆ ಚಾಚಿದ ನಾಯಿಯ ತಲೆ. ಒಳಗಡೆ ಇದ್ದದ್ದು ಕಜ್ಜಿನಾಯಿಯಾದರೂ ಗೇಟಿನ ಮೇಲೆ ನಾನು ಬರೆದದ್ದು ಜರ್ಮನ್ ನಾಯಿ. ಗುಂಡಗೆ, ಮುದ್ದಾಗಿ ಬರೆಯುತ್ತಿದ್ದ ಆ ಕೈ ಜನವರಿ ಹತ್ತೊಂಬತ್ತಕ್ಕೆ ಏಣಿಯ ಮೇಲೆ ನಿಂತಿದ್ದಾಗಲೇ ಬಿದ್ದುಹೋಯಿತು. ಜೊತೆಗೆ ನಾನೂ ಬಿದ್ದೆ. ಆ ಗೇಟಿನ ಮೇಲೆ ಇವತ್ತಿಗೂ 'ನಾಯಿ ಇದೆ ಎಚ್ಚ' ಎಂದಷ್ಟೇ ಇದೆಯಂತೆ.

ಪಾರ್ಶ್ವವಾಯು ಅಂದರು. ಕಾಲು ಪರವಾಗಿಲ್ಲ, ಕುಂಟುತ್ತದೆ. ಬಲಗೈ ತೋಳಿಗೆ ತೂಗುಹಾಕಿದ ಚೀಲ. ಬಾಯಿ ಬಲಗಡೆಗೆ ಇಳಿಬಿದ್ದಿದೆ. ತಲೆಯೊಳಗೆ ಮಾತು ಸರಿಯಾಗಿಯೇ ಇದೆ, ಹೊರಗೆ ಬರುವಾಗ ಬಿಸಿ ಮುದ್ದೆ ಬಾಯಲ್ಲಿಟ್ಟುಕೊಂಡವನ ಮಾತಾಗುತ್ತದೆ.

ಮಾರ್ಚ್ 11, ಮಂಗಳವಾರ

ಐಶ್ವರ್ಯ ಮೇಡಂ ಇವತ್ತು ನನ್ನ ಹೆಂಡತಿ ವನಜಳನ್ನು ಪಕ್ಕಕ್ಕೆ ಕರೆದು ಹೇಳಿದ್ದು ನನಗೂ ಕೇಳಿಸಿತು. ಕಿವಿಗೆ ಏನೂ ಆಗಿಲ್ಲವಲ್ಲ.

"ಕೈ ನಿಧಾನ ಆಂಟಿ. ಮಾತು ಬರುತ್ತೆ, ಆದ್ರೆ ಅಂಕಲ್ ಮಾತಾಡ್ಬೇಕು. ಈ ಮೂರ್ನಾಲ್ಕು ತಿಂಗಳಲ್ಲಿ ಬಾಯಿ ಮುಚ್ಕೊಂಡೇ ಇದ್ರೆ ಆಮೇಲೆ ಕಷ್ಟ."

ನಾನು ಬಾಯಿ ಮುಚ್ಚಿಕೊಂಡದ್ದು ಫೆಬ್ರವರಿ ಆರರಿಂದ. ಅವತ್ತು ವಿರಾಜಪೇಟೆ ಬಸ್ಸಿನಲ್ಲಿ "ಬಿಟ್ಟಂಗಾಲ ಎರಡು" ಅಂದೆ. ಅಂದೆ ಅಂತ ನಾನು ಅಂದುಕೊಂಡೆ. ಕಂಡಕ್ಟರ್ ಮೂಗು ಮುಚ್ಚಿಕೊಂಡು "ಬೆಳಿಗ್ಗೆ ಬೆಳಿಗ್ಗೆನೇ ಹಾಕ್ಕೊಂಡು ಬಂದಿದೀಯಲ್ಲೋ ಮಾರಾಯ, ಇಳಿ" ಅಂದ. ಬಸ್ಸಿಗೆ ಬಸ್ಸೇ ನಕ್ಕಿತು. ನಿಜವಾಗಿ ಹಾಕಿಕೊಂಡು ಓಡಾಡಿದ ದಿನಗಳಲ್ಲಿ ಒಬ್ಬ ಕಂಡಕ್ಟರನೂ ನನ್ನನ್ನು ಇಳಿಸಿರಲಿಲ್ಲ. ವನಜ ಅವನ ಮುಖಕ್ಕೆ ಆಸ್ಪತ್ರೆಯ ಚೀಟಿ ಹಿಡಿದು ಜಗಳಕ್ಕೆ ನಿಂತಳು. ನನಗೆ ನಾಚಿಕೆಯಿಂದ ಸತ್ತುಹೋಗುವ ಹಾಗಾಯಿತು. ಅವತ್ತಿನಿಂದ ಒಂದು ಶಬ್ದ ಆಡಿಲ್ಲ, ಆಡುವುದೂ ಇಲ್ಲ.

ಮಾರ್ಚ್ 16, ಭಾನುವಾರ

ವನಜ ನನಗೆ ಹೇಳದೆ ಹರಕೆ ಹೊತ್ತು ಬಂದಿದ್ದಾಳೆ.

ಇಲ್ಲಿನ ದೇವರ ಕಾಡಿನಲ್ಲಿರುವ ಅಯ್ಯಪ್ಪ ಬೇಟೆಗಾರ. ಅವನಿಗೆ ಹಣ್ಣುಕಾಯಿ ಸಾಲದು, ನಾಯಿ ಬೇಕು, ಮಣ್ಣಿನದು. ಅಂದುಕೊಂಡದ್ದು ಆದರೆ ಜನ ಸುಟ್ಟ ಮಣ್ಣಿನ ನಾಯಿ ತಂದು ಮರದ ಬುಡದಲ್ಲಿ ಇಟ್ಟು ಹೋಗುತ್ತಾರೆ. ಅಲ್ಲಿ ನೂರಾರು ನಾಯಿ ಪಾಚಿ ಹಿಡಿದು ಕೂತಿವೆ. ಒಂದೂ ಬೊಗಳಿದ ದಾಖಲೆಯಿಲ್ಲ.

"ಏನಂತ ಹೊತ್ಕೊಂಡೆ ಗೊತ್ತಾ?" ಅಂದಳು. "ಇವ್ರು ಬಾಯ್ಬಿಟ್ಟು ಒಂದೇ ಒಂದ್ಸಲ ನನ್ನ ಬೈಲಿ, ನಿಂಗೊಂದು ನಾಯಿ ಕೊಡ್ತೀನಿ ಅಂತ."

ನಗು ತಡೆದುಕೊಂಡೆ. ನಕ್ಕರೆ ಬಾಯಿ ಇನ್ನೂ ಸೊಟ್ಟಗಾಗುತ್ತದೆ.

"ನಗ್ಬೇಡಿ ಬುಡಿ. ಮೂವತ್ತು ವರ್ಷ ದಿನಾ ಜಗಳ ಆಡಿದೀವಿ. ಈಗ ನಾನೊಬ್ಳೇ ಆಡ್ಬೇಕು. ನಾನೇ ಬೈದು, ನಿಮ್ ಪರವಾಗೂ ನಾನೇ ಉತ್ರ ಕೊಟ್ಕೊಂಡು... ಹುಚ್ಚು ಹಿಡೀತದೆ ನಂಗೆ."

ಇಷ್ಟು ಹೇಳಿ ರೊಟ್ಟಿ ತಟ್ಟಲು ಹೋದಳು. ಅವಳ ಬೆನ್ನು ನೋಡುತ್ತಾ ಕೂತೆ. ಏನೋ ಹೇಳಬೇಕೆನಿಸಿತು. ಬರೆದು ತೋರಿಸೋಣವೆಂದರೆ ನನ್ನ ಎಡಗೈ ಅಕ್ಷರ ನನಗೆ ಬಿಟ್ಟು ಇನ್ನಾರಿಗೂ ಅರ್ಥವಾಗುವುದಿಲ್ಲ.

ಮಾರ್ಚ್ 25, ಮಂಗಳವಾರ

ಕೆಲಸ ಆಗುವ ಮೊದಲೇ ನಾಯಿ ತಯಾರಿರಬೇಕಂತೆ. ವನಜಳ ಲೆಕ್ಕಾಚಾರವೇ ಹಾಗೆ, ಮಗು ಹುಟ್ಟುವ ಮೊದಲು ಕುಲಾವಿ. ಆದರೆ ನಾಯಿ ಮಾಡುತ್ತಿದ್ದ ಕುಂಬಾರ ತೀರಿಕೊಂಡು ಎರಡು ವರ್ಷವಾಗಿದೆ. ವಿಚಾರಿಸಲು ದೇವರ ಕಾಡು ನೋಡಿಕೊಳ್ಳುವ ಬೆಳ್ಳಿಯಪ್ಪನವರ ಮನೆಗೆ ಹೋದೆವು. ಎಪ್ಪತ್ತೈದರ ಮೇಲಿನ ಅಜ್ಜ, ಮಿಲಿಟರಿಯಲ್ಲಿದ್ದವರು, ಈಗಲೂ ಮೀಸೆಗೆ ಎಣ್ಣೆ.

"ಕುಂಬಾರ ಯಾಕೆ? ನಿನ್ನ ಗಂಡ ಈ ತಾಲೂಕಿನ ಎಲ್ಲ ಗೇಟಿಗೂ ನಾಯಿ ಕೂರಿಸಿದವ ಅಲ್ವಾ. ಅವನೇ ಮಾಡ್ಲಿ."

"ಬಲಗೈ ಆಗಲ್ವಲ್ಲ ಸಾರ್. ಎಡಗೈಲಿ ಮಾಡಿದ್ದು ದೇವ್ರಿಗೆ ಆಯ್ತದಾ?" ಅಂದಳು ವನಜ.

ಅಜ್ಜ ಮೀಸೆ ತೀಡಿಕೊಂಡರು. "ಬೇಟೆಗೆ ಹೋಗುವವ ನಾಯಿ ಓಡ್ತದಾ ಇಲ್ವಾ ಅಂತ ನೋಡ್ತಾನೆ. ಯಾರ ಯಾವ ಕೈ ಅಂತ ಎಂತಕ್ಕೆ ಕೇಳ್ತಾನೆ?"

ಅಂತೂ ನನ್ನ ಬಾಯಿಗೆ ನಾನೇ ನಾಯಿ ಮಾಡಿಕೊಳ್ಳಬೇಕಾಗಿ ಬಂತು.

ಏಪ್ರಿಲ್ 2, ಬುಧವಾರ

ಮಣ್ಣು ತಂದದ್ದು ಲಿಂಗಿ. ಪಕ್ಕದ ಎಸ್ಟೇಟಿನ ಕೂಲಿಗಳ ಲೈನುಮನೆಯಲ್ಲಿರುವವಳು, ಕಾಡುಕುರುಬರವಳು, ನಲವತ್ತರ ಆಸುಪಾಸು. ಕರಿಮೆಣಸಿನ ಪಿಕ್ಕಿಂಗ್ ಮುಗಿಸಿ ಹೋಗುವಾಗ ಗದ್ದೆ ಬದಿಯ ಜಿಗುಟು ಮಣ್ಣನ್ನು ಗೊಬ್ಬರದ ಚೀಲದಲ್ಲಿ ತಂದು ಧೊಪ್ಪನೆ ಇಳಿಸಿದಳು. ಅವಳಿಗೆ ನಾನು ಬೋರ್ಡಣ್ಣ.

ಸಂಜೆಯವರೆಗೆ ಕೂತು ಒಂದು ನಾಯಿ ಮಾಡಿದೆ. ನಾಲ್ಕು ಕಾಲಿನ ಮೇಲೆ ನಿಲ್ಲಲಿಲ್ಲ, ಕೂತಿದೆ ಎಂದುಕೊಂಡೆ. ಬಾಯಿ ತೆರೆಯಲು ಹೋದರೆ ಮೂತಿ ಕುಸಿಯಿತು, ಮುಚ್ಚಿಬಿಟ್ಟೆ.

ಲಿಂಗಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಇದು ನಾಯಾ ಬೋರ್ಡಣ್ಣ, ಕುಂಬಳಕಾಯಾ?"

ಹೊಡೆಯಬೇಕೆನಿಸಿತು. ಕಾಫಿ ಹೂವಿನ ವಾಸನೆ ಜೋರಾಗಿತ್ತು. ನೆಮ್ಮದಿಯಾಗಿ ಸಿಟ್ಟು ಮಾಡಿಕೊಳ್ಳಲೂ ಬಿಡದ ವಾಸನೆ.

ಏಪ್ರಿಲ್ 9, ಬುಧವಾರ

ಇವತ್ತು ಮನೆ ಸುಡುವುದು ಸ್ವಲ್ಪದರಲ್ಲಿ ತಪ್ಪಿತು.

ತಪ್ಪು ನನ್ನದೇ, ಬರೆದುಬಿಡುತ್ತೇನೆ. ಬೋರ್ಡು ಬರೆಯುವವನಿಗೆ ಯಾವ ವಸ್ತು ಕಂಡರೂ ಮೊದಲು ಬಣ್ಣ ಹಚ್ಚುವ ಚಪಲ. ಹಸಿ ನಾಯಿ ಒಣಗುವ ಮೊದಲೇ ಉಳಿದಿದ್ದ ಎನಾಮಲ್ ಪೇಂಟನ್ನು ಬಳಿದೆ. ಕಂದು ಮೈ, ಕಪ್ಪು ಬೆನ್ನು, ಕೆಂಪು ಕೊರಳಪಟ್ಟಿ. ಚೆನ್ನಾಗಿಯೇ ಕಂಡಿತು. ಆಮೇಲೆ ವನಜ ಸೊಸೈಟಿಗೆ ಹೋಗಿದ್ದಾಗ ಸುಟ್ಟುಬಿಡೋಣ ಎಂದು ಸ್ನಾನದ ಹಂಡೆಯ ಒಲೆಯೊಳಗೆ ಕೂರಿಸಿದೆ.

ಮೊದಲು ಕರಿಹೊಗೆ ಬಂತು. ಆಮೇಲೆ ವಾಸನೆ. ಆಮೇಲೆ ಪಟಾಕಿ ಹೊಡೆದ ಹಾಗೆ ಢಂ ಅಂತು, ಬಾಗಿಲ ತನಕ ಕೆಂಡ ಹಾರಿತು. ಒಳಗೆ ಪೊಳ್ಳು ಬಿಡದೆ ಮಣ್ಣಿನ ಗಟ್ಟಿಯನ್ನೇ ಸುಟ್ಟರೆ ಸಿಡಿಯುತ್ತದೆ ಎಂದು ಕುಂಬಾರರ ಮನೆಯ ಮಗುವಿಗೂ ಗೊತ್ತಿರುತ್ತದೆ. ನಾನು ಕೂಗಲು ಬಾಯಿ ತೆರೆದೆ, ಏನೂ ಬರಲಿಲ್ಲ. ಬಕೆಟ್ಟನ್ನು ಎಡಗೈಯಲ್ಲಿ ಎಳೆದು ನೀರು ಸುರಿದೆ.

ವನಜ ಬಂದು ನೋಡಿದಳು. ಕಪ್ಪಾದ ಗೋಡೆ, ನೀರು ತುಂಬಿದ ಒಲೆ, ಮಸಿ ಬಳಿದ ಗಂಡ. ಬೈಯುತ್ತಾಳೆ ಎಂದುಕೊಂಡೆ. ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಜನವರಿಯಿಂದ ಈಚೆಗೆ ಅವಳು ಹಾಗೆ ನಕ್ಕಿದ್ದನ್ನು ನೋಡಿರಲಿಲ್ಲ.

ಏಪ್ರಿಲ್ 20, ಭಾನುವಾರ

ಎರಡನೆಯ ನಾಯಿ. ವನಜಳ ತವರಿನ ಪಕ್ಕ ಕುಂಬಾರ ಬೀದಿ ಇತ್ತಂತೆ, ಇಷ್ಟು ವರ್ಷ ಹೇಳಿರಲಿಲ್ಲ. ಅಥವಾ ಹೇಳಿದ್ದಳು, ನಾನು ಕೇಳಿರಲಿಲ್ಲ. ಹೊಟ್ಟೆಯೊಳಗೆ ಬೆರಳಿಟ್ಟು ಪೊಳ್ಳು ಮಾಡಬೇಕು, ಕೆಳಗೆ ಒಂದು ತೂತು ಬಿಡಬೇಕು, ನೆರಳಲ್ಲಿ ಹತ್ತು ದಿನ ಒಣಗಿಸಬೇಕು.

ಎಡಗೈ ನನ್ನದು, ಬಲಗೈ ಅವಳದು. ಅವಳು ಕಾಲು ಹಿಡಿದುಕೊಂಡರೆ ನಾನು ಹೊಟ್ಟೆ ತೀಡುತ್ತಿದ್ದೆ. "ಕಿವಿ ದೊಡ್ಡದಾಯ್ತು, ಮೊಲದ ಥರ ಕಾಣ್ತದೆ" ಅನ್ನುತ್ತಾಳೆ. ಮೂವತ್ತು ವರ್ಷದ ಕಸುಬುದಾರನಿಗೆ ಬುದ್ಧಿವಾದ. ತಲೆ ಅಲ್ಲಾಡಿಸಿದೆ. ಮತ್ತೆ ನೋಡಿದರೆ ಕಿವಿ ನಿಜವಾಗಿಯೂ ದೊಡ್ಡದಾಗಿತ್ತು, ಅವಳು ಆಚೆ ತಿರುಗಿದಾಗ ಚಿಕ್ಕದು ಮಾಡಿದೆ. ಈ ಸಲ ಬಾಯಿ ತೆರೆಯಿತು. ಕಡ್ಡಿಯಿಂದ ಹಲ್ಲೂ ಕೊರೆದೆ.

ಕೈ ತೊಳೆಯುವಾಗ ನೋಡಿದರೆ ಬಲಗೈ ಹೆಬ್ಬೆರಳಿಗೂ ಮಣ್ಣು ಮೆತ್ತಿತ್ತು. ಹೇಗೆ ಮೆತ್ತಿಕೊಂಡಿತೋ.

ಮೇ 5, ಸೋಮವಾರ

ನಾಯಿ ಬೆಂದಿದೆ. ಹಿತ್ತಿಲಲ್ಲಿ ಗುಂಡಿ ತೋಡಿ, ಬೆರಣಿ ಹೊಟ್ಟು ಮುಚ್ಚಿ, ಒಂದು ಹಗಲು ಸುಟ್ಟೆವು. ಒಂದು ಕಡೆ ಕೆಂಪಗೆ, ಇನ್ನೊಂದು ಕಡೆ ಕಪ್ಪಗೆ ಬಂದಿದೆ, ಎಡ ಹಿಂಗಾಲಿನಲ್ಲಿ ಬಿರುಕು. ಬಣ್ಣ ಹಚ್ಚಲಿಲ್ಲ.

ಈಗ ಅದು ಜಗಲಿಯ ಮೇಲೆ ಕೂತಿದೆ. ನಾನು ಬೈಯುವವರೆಗೆ ಅದು ಹೊರಡುವಂತಿಲ್ಲ. ಹೋಗಿಬರುವಾಗಲೆಲ್ಲ ವನಜ ಅದನ್ನು ನೋಡುತ್ತಾಳೆ, ಆಮೇಲೆ ನನ್ನನ್ನು ನೋಡುತ್ತಾಳೆ. ಮೇಡಂ ಕೊಟ್ಟ ಗಡುವಿನಲ್ಲಿ ಇನ್ನೆಷ್ಟು ದಿನ ಉಳಿದಿದೆ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು.

ಬೆಳಿಗ್ಗೆ ಅವಳಿಲ್ಲದಾಗ ಕನ್ನಡಿ ಮುಂದೆ ನಿಂತು "ವನಜ" ಎನ್ನಲು ನೋಡಿದೆ. ಜೊಲ್ಲು ಸುರಿಯಿತು. ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ಇಟ್ಟೆ.

ಮೇ 12, ಸೋಮವಾರ

ಲಿಂಗಿಯದು ಹೊಸ ಬೇಡಿಕೆ.

ಮುಂದಿನ ವಾರ ಕುಂಡೆ ಹಬ್ಬ. ಹಬ್ಬದ ಹೆಸರೇ ಅಂಥದ್ದು, ನಾನಿಟ್ಟದ್ದಲ್ಲ. ಲೈನಿನ ಆದಿವಾಸಿಗಳಾದ ಕುರುಬರು, ಯರವರು ಹರಕು ಬಟ್ಟೆ, ಹೆಣ್ಣುವೇಷ ಹಾಕಿಕೊಂಡು, ಪ್ಲಾಸ್ಟಿಕ್ ಕ್ಯಾನು ಬಡಿಯುತ್ತಾ, ಸಿಕ್ಕಿದವರನ್ನೆಲ್ಲ ಬೈಯುತ್ತಾ ಮನೆ ಮನೆಗೆ ಬರುತ್ತಾರೆ. ಸಾಹುಕಾರನಾದರೂ ಸುಮ್ಮನೆ ಬೈಸಿಕೊಳ್ಳಬೇಕು. ಕೊನೆಗೆ ಗುಡಿಗೆ ಹೋಗಿ ಅಯ್ಯಪ್ಪನನ್ನೇ ಬೈಯುತ್ತಾರೆ. ಬೇಟೆಗೆ ಬನ್ನಿ ಎಂದು ಇವರನ್ನು ಕರೆತಂದವನು ಭದ್ರಕಾಳಿಯನ್ನು ಕಂಡು ಅವಳ ಹಿಂದೆ ಹೋಗಿಬಿಟ್ಟನಂತೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಬೈದು ಮುಗಿಸಿ ತಪ್ಪಾಯ್ತು ಎಂದು ಅಡ್ಡಬೀಳುತ್ತಾರೆ. ಇಂಥ ಭಕ್ತಿಯ ಬಗ್ಗೆ ನನಗೆ ಮೊದಲಿನಿಂದಲೂ ಗೌರವವಿದೆ.

"ಈಗಿನ ಹುಡುಗ್ರು ಸಿನಿಮಾ ಹಾಡನ್ನೇ ತಿರ್ಗಿಸಿ ಬೈತಾರೆ ಬೋರ್ಡಣ್ಣ, ದೇವ್ರಿಗೂ ಬೇಜಾರಾಗ್ತದೆ. ನೀ ದಿನಾ ಏನೋ ಗೀಚ್ತೀಯಲ್ಲ, ಹೊಸ್ದು ನಾಲ್ಕು ಬರ್ಕೊಡು. ಚಂದ ಬೈಗುಳ ಬೇಕು, ಬರಿ ಬೈಗುಳ ಬೇಡ."

ನನ್ನನ್ನು ಕವಿ ಮಾಡಿದ ಮೊದಲ ಗಿರಾಕಿ. ಊಟ ಮಾಡುವುದನ್ನೂ ಮರೆತು ಕೂತೆ. ಹೊಡೆದುಹಾಕಿ, ತಿದ್ದಿ, ಮತ್ತೆ ಹೊಡೆದುಹಾಕಿ, ಕೊನೆಗೆ ನಿಂತದ್ದು ಇದು:

ಬೇಟೆಗೆ ಬನ್ನಿ ಅಂತ ಊರೆಲ್ಲ ಕರೆದೋನೇ,
ಹೆಣ್ಣ ಸೆರಗು ಕಂಡು ಪೊದೆಯೊಳಗೆ ಸರಿದೋನೇ,
ಹಸಿದ ನಾಯಿ ಕಾದು ಕೂತಾವೆ ಮರದಡಿ,
ಹಂದಿ ಎಲ್ಲೋ? ಮಾಂಸ ಎಲ್ಲೋ? ಬಾಯ್ಬಿಡೋ ಕಳ್ಳ!

ಇನ್ನೊಂದು ಯಾರಿಗೂ ಕೊಡಲಿಕ್ಕಲ್ಲ, ನನಗೇ ಬರೆದುಕೊಂಡದ್ದು:

ಬಡವನ ನಾಲಿಗೆ ಕದ್ದು ಮಡಿಲಲ್ಲಿ ಇಟ್ಟೋನೇ,
ಏಣಿ ಹತ್ತಿದವನ ಕೈಯ ಕಿತ್ತು ಕೆಡವಿದೋನೇ,
ನಿನಗೆ ಯಾಕೋ ಎರಡು ನಾಲಿಗೆ, ಹೇಳೋ ದೇವ್ರೇ,
ಇರೋ ಒಂದರಲ್ಲೂ ಮಾತೇ ಆಡದೋನೇ!

ಬರೆದು ಮುಗಿಸಿದಾಗ ಎದೆ ಹಗುರಾಗಿತ್ತು. ಹಸಿವಾಗಿತ್ತು. ಎರಡು ಮುದ್ದೆ ತಿಂದೆ.

ಮೇ 18, ಭಾನುವಾರ

ಅಕ್ಷರ ಈಗ ಸುಧಾರಿಸಿದೆ ಎಂದುಕೊಂಡು ಬರೆದುಕೊಟ್ಟಿದ್ದ ಚೀಟಿಯನ್ನು ಲಿಂಗಿ ವಾಪಸ್ ತಂದಳು. "ಇದೇನು ಬರ್ದಿದೀಯ? ಇರುವೆ ಶಾಯಿ ಕುಡ್ದು ನಡ್ದಂಗದೆ. ಹತ್ತನೇ ಕ್ಲಾಸ್ ಓದಿದ ನಮ್ ಲೈನಿನ ಹುಡ್ಗಂಗೇ ಒಂದಕ್ಷರ ಗೊತ್ತಾಗ್ಲಿಲ್ಲ."

ವನಜ ತೆಗೆದುಕೊಂಡು ನೋಡಿದಳು. ಅವಳಿಗೂ ಆಗಲಿಲ್ಲ. ತಾಲೂಕಿಗೆಲ್ಲ ಅಕ್ಷರ ಬರೆದುಕೊಟ್ಟವನ ಬರಹಕ್ಕೆ ಈ ಗತಿ.

"ಸರಿ, ನೀನೇ ಹೇಳು, ನಾ ಬಾಯಿಪಾಠ ಮಾಡ್ಕತೀನಿ."

ತಲೆ ಅಲ್ಲಾಡಿಸಿದೆ.

"ಹೇಳಕ್ಕಾಗಲ್ವಾ, ಇಲ್ಲ ಹೇಳಲ್ವಾ?"

ಎದ್ದು ಒಳಗೆ ಬಂದೆ. ಹೊರಗೆ ಅವಳು ವನಜಳಿಗೆ ಹೇಳುತ್ತಿದ್ದಳು: "ಅಕ್ಕ, ನಿನ್ ಗಂಡಂಗೆ ಕಾಯಿಲೆ ನಾಲಿಗೇಲಿಲ್ಲ, ಮೂಗಿನ ತುದೀಲದೆ. ಬರೀ ಜಂಬ."

ಅವಳಿಗೇನು ಗೊತ್ತು. ಬಸ್ಸಿನ ಜನ ನಕ್ಕದ್ದು ಅವಳನ್ನು ನೋಡಿಯಲ್ಲ.

ಮೇ 20, ಮಂಗಳವಾರ

ಇವತ್ತಿನದನ್ನು ಬರೆಯಲೇಬೇಕು.

ಹತ್ತು ಗಂಟೆಗೆ ಕ್ಯಾನಿನ ಸದ್ದು ಕೇಳಿಸಿತು. ಹನ್ನೆರಡು ಹದಿಮೂರು ಜನ ನೇರ ನಮ್ಮ ಅಂಗಳಕ್ಕೇ ಬಂದರು. ಗಂಡಸರು ನೈಟಿ ಹಾಕಿಕೊಂಡಿದ್ದರು, ಒಬ್ಬನ ತಲೆಗೆ ತೆಂಗಿನ ನಾರಿನ ಜಡೆ. ಲಿಂಗಿ ಗಂಡನ ಪ್ಯಾಂಟು ತೊಟ್ಟು ಮೀಸೆ ಬರೆದುಕೊಂಡಿದ್ದಳು. ಶುರು ಮಾಡಿದ್ದೇ ನನ್ನಿಂದ. ಬೋರ್ಡಣ್ಣ ಸೋಮಾರಿ, ಬೋರ್ಡಣ್ಣ ಹೆಂಡ್ತಿ ದುಡಿದದ್ದು ತಿಂದು ಬಾಯಿಗೆ ಬೀಗ ಜಡಿದೋನು, ಇನ್ನೂ ಏನೇನೋ. ಬರೆಯುವಂಥದ್ದಲ್ಲ. ಜಗಲಿಯಲ್ಲಿ ನಿಂತು ಸುಮ್ಮನೆ ಬೈಸಿಕೊಂಡೆ, ಪದ್ಧತಿಯಲ್ಲವೇ.

ವನಜ ನೋಟು ತಂದು ಕೊಡಲು ಹೋದಳು. ಲಿಂಗಿ ಬೇಡವೆಂದಳು. "ದುಡ್ಡು ಬ್ಯಾಡ ಅಕ್ಕ. ಪದ ಬೇಕು. ಪದ ಕೊಡೋ ತನಕ ಈ ಅಂಗಳ ಬಿಡಲ್ಲ." ಎಲ್ಲರೂ ನನ್ನ ಸುತ್ತ ನಿಂತು ಕ್ಯಾನು ಬಡಿಯತೊಡಗಿದರು. ಕಿವಿ ಕಿತ್ತುಹೋಗುವಷ್ಟು ಸದ್ದು. ಪಕ್ಕದಲ್ಲಿ ಸಿಡಿಲು ಬಿದ್ದರೂ ಕೇಳಿಸುತ್ತಿರಲಿಲ್ಲ.

ಅದೇ ನನಗೆ ಧೈರ್ಯ ಕೊಟ್ಟಿತು. ಈ ಗದ್ದಲದಲ್ಲಿ ನಾನು ಏನಂದರೂ ಯಾರಿಗೆ ಕೇಳಿಸುತ್ತದೆ? ಬಡಿತಕ್ಕೆ ತಲೆ ಆಡುತ್ತಿತ್ತು, ತುಟಿ ತಾನಾಗಿಯೇ ಬಿಚ್ಚಿತು. "ಬೇಟೆಗೆ ಬನ್ನಿ ಅಂತ" ಎಂದೆ. ಗಂಟಲಿನಲ್ಲಿ ಕಲ್ಲು ಉರುಳಿದ ಹಾಗಾಯಿತು. ತಾಳ ಹಿಡಿದುಕೊಂಡರೆ ಮುಂದಿನ ಶಬ್ದ ತಾನೇ ಬರುತ್ತಿತ್ತು, ತೊದಲುತ್ತಿತ್ತು, ಆದರೂ ಬರುತ್ತಿತ್ತು. ಒಂದು ಪದ ಮುಗಿಯಿತು. ನಿಲ್ಲಿಸಲಿಲ್ಲ. ಯಾರಿಗೂ ಕೊಡಲಿಕ್ಕಲ್ಲ ಎಂದಿದ್ದ ಎರಡನೆಯದಕ್ಕೆ ಹೊರಳಿದೆ. ಬಡವನ ನಾಲಿಗೆ ಕದ್ದು ಎಂದು ಶುರು ಮಾಡಿ, ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ ಕೂಗಿದೆ. ಪದ ಮುಗಿದರೂ ಸಿಟ್ಟು ಮುಗಿಯಲಿಲ್ಲ. "ಕಳ್ಳ, ಲಫಂಗ, ಏನು ಮಾಡಿದ್ದೆನೋ ನಿಂಗೆ, ಮೂವತ್ತು ವರ್ಷ ಒಂದಕ್ಷರ ತಪ್ಪು ಬರೆದಿದ್ನೇನೋ" ಎಂದು ಕೂಗುತ್ತಲೇ ಇದ್ದೆ.

ಕ್ಯಾನು ಯಾವಾಗ ನಿಂತಿತೋ ಗೊತ್ತಿಲ್ಲ. ಕಣ್ಣು ತೆರೆದಾಗ ಅಂಗಳ ನಿಶ್ಶಬ್ದವಾಗಿತ್ತು. ನನ್ನ ದನಿಯೊಂದೇ ಇತ್ತು, ಸೊಟ್ಟ, ಒಡಕು, ಜೊಲ್ಲು ಸಮೇತ. ಎಲ್ಲರೂ ಕೇಳುತ್ತಿದ್ದರು. ನಗುತ್ತಾರೆ ಎಂದುಕೊಂಡೆ. ನಾರಿನ ಜಡೆಯವನು, "ಆ ಎರಡನೇದು ಇನ್ನೊಂದ್ಸಲ ಹೇಳಣ್ಣ" ಅಂದ.

ವನಜ ಬಾಗಿಲಿಗೆ ಒರಗಿದ್ದಳು. ಸೆರಗು ಕಣ್ಣಿಗೆ ಒತ್ತಿಕೊಂಡು ಒಲೆಯ ಹೊಗೆ ಅಂದಳು. ಒಲೆ ಹಚ್ಚಿರಲಿಲ್ಲ. ನನಗೂ ಅಳು ಬಂತು, ಎಲ್ಲರೆದುರೇ ಅತ್ತೆ.

ಎರಡನೆಯ ಪದವನ್ನು ಒಂಬತ್ತು ಸಲ ಹೇಳಿಕೊಟ್ಟೆ. ಲಿಂಗಿಗೆ ತಾಳ ತಪ್ಪುತ್ತದೆ, ಸರಿಯಾಗಿ ಬೈದೆ.

ಮೇ 22, ಗುರುವಾರ

ಲಿಂಗಿಯ ತಂಡ ಗುಡಿಗೆ ಹೋಗಿ ಬಂತು. ನನ್ನ ಪದ ಕೇಳಿ ಪಕ್ಕದ ಲೈನಿನವರೂ ಕಲಿತರಂತೆ. ದೇವರು ಏನಂದ ಎಂದು ಕೇಳಿದೆ. "ಕಲ್ಲಿನಂಗೆ ಕೂತಿದ್ದ" ಅಂದಳು.

ಸಂಜೆ ಬೆಳ್ಳಿಯಪ್ಪನವರು ಬಂದಿದ್ದರು. ನಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿ, ತಮ್ಮ ಮೊಮ್ಮಗಳ ಹರಕೆಗೂ ಒಂದು ಮಾಡಿಕೊಡು ಎಂದರು. ಮಣ್ಣು ಬೇಕು, ಹೊಟ್ಟು ಬೇಕು, ಮಳೆ ಹಿಡಿಯುವ ಮೊದಲು ಒಣಗಬೇಕು ಎಂದೆಲ್ಲ ವಿವರಿಸಿದೆ. ಅಜ್ಜ ಎರಡು ಸಲ ಕಿವಿ ಮುಂದೆ ತಂದು "ಹಾಂ?" ಎಂದರು. ಕಿವಿ ಮಂದ ಅವರಿಗೆ.

ಮೇ 24, ಶನಿವಾರ

ನಾಯಿ ಇನ್ನೂ ಜಗಲಿಯಲ್ಲೇ ಇದೆ. ವನಜಳ ಹಠ. "ದೇವ್ರನ್ನ ಬೈದ್ರಿ, ಲಿಂಗೀನ ಬೈದ್ರಿ. ನಾನು ಹೇಳ್ಕೊಂಡಿದ್ದು ನನ್ನ ಬೈಲಿ ಅಂತ. ಹರಕೆ ಅಂದ್ರೆ ಹರಕೆ. ಆಗ್ದೆ ನಾಯಿ ಹೊತ್ಕೊಂಡೋದ್ರೆ ಅವ್ನೇನು ದಡ್ಡನಾ?"

ಹರಕೆಗೆ ಯಾರಾದರೂ ಇಷ್ಟು ವಕೀಲಿಕೆ ಮಾಡುತ್ತಾರೆಯೇ ಎಂದೆ. ಮಾತು ಬಂತಲ್ಲ, ಕೊಟ್ಟು ಕೈ ತೊಳೆದುಕೊಳ್ಳುವುದು ಬಿಟ್ಟು ಇದೆಂಥ ಮೊಂಡಾಟ ಎಂದೆ. ನಿಮ್ಮಪ್ಪನದೂ ಇದೇ ಬುದ್ಧಿ, ಮದುವೆ ಮಾತುಕತೆಗೆ ಆರು ತಿಂಗಳು ಎಳೆದಾಡಿದ ಮನುಷ್ಯ ಎಂದೆ. ಅಪ್ಪನ ಸುದ್ದಿಗೆ ಬರಬೇಡಿ ಅಂದಳು. ಬರುತ್ತೇನೆ ಎಂದೆ. ಕತ್ತೆಗೂ ನಿನಗಿಂತ ಬೇಗ ತಿಳಿಯುತ್ತದೆ ಎಂದೆ. ಬೆಳಗಿನ ತಿಂಡಿಯಿಂದ ಹಿಡಿದು ಇಲ್ಲಿಯವರೆಗೂ ಇದೇ ನಡೆದಿದೆ, ಹೆಂಗಸಿಗೆ ಒಂದು ಮಾತೂ ತಲೆಗೆ ಹೋಗುವುದಿಲ್ಲ.

ಈಗ ಅಂಗಳದಲ್ಲಿ ನಿಂತಿದ್ದಾಳೆ. ಸ್ನಾನ ಮಾಡಿ, ಒಳ್ಳೆಯ ಸೀರೆಯುಟ್ಟು, ನಾಯಿಯನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದಾಳೆ. ಇದ್ದಕ್ಕಿದ್ದ ಹಾಗೆ ಯಾಕೆ ಹೊರಟಳೋ, ಯಾಕೆ ಹಾಗೆ ನಗುತ್ತಿದ್ದಾಳೋ ತಿಳಿಯದು. ನಾನು ಹೇಳಿದ್ದನ್ನು ಕೊನೆಗೂ ಒಪ್ಪಿಕೊಂಡಳು ಅಂತ ಕಾಣುತ್ತದೆ. ಆದರೆ ನಾಯಿಯನ್ನು ತಲೆಕೆಳಗಾಗಿ ಹಿಡಿದಿದ್ದಾಳೆ, ಬಿರುಕು ಬಿಟ್ಟ ಕಾಲೇ ಅವಳ ತೋಳಿಗೆ ಸಿಕ್ಕಿ ಅಮುಕುತ್ತಿದೆ. ಇಲ್ಲಿಂದ ಕೂಗಿದರೆ ಕೇಳಿಸಿಕೊಳ್ಳುವವಳಲ್ಲ. ಹೋಗಿ ಎದುರಿಗೇ ನಿಂತು ಬೈಯಬೇಕು.